ಆ ಭಾಗ ಬಿಡಿ

“ಬುದ್ಧಿ, ಲಿಂಗವನ್ನು ಅಂಗೈಯಲ್ಲಿಟ್ಟು ನೋಡಿದರೆ ನನಗೆ ಕಪ್ಪು ಮಾತ್ರ ಕಾಣುತ್ತದೆ. ಇಪ್ಪತ್ತೆಂಟು ವರ್ಷದ ಮೇಲೂ ಹೀಗೇಕೆ?”

ಕೇಳಿದವನು ಸದ್ಯೋಜಾತ. ಮಠಕ್ಕೆ ಬಂದಾಗ ಅವನಿಗೆ ಹತ್ತೊಂಬತ್ತು ವರ್ಷ, ಈಗ ನಲವತ್ತೇಳು. ಹೊಸದಾಗಿ ದೀಕ್ಷೆ ಪಡೆದ ಗೃಹಸ್ಥರಿಗೆ ಇಷ್ಟಲಿಂಗ ಪೂಜೆ ಹೇಳಿಕೊಡುವುದು ಅವನ ಕೆಲಸ. ಸುತ್ತಲ ಹಳ್ಳಿಗಳಲ್ಲಿ ಬೆಳಿಗ್ಗೆ ಎದ್ದು ಪೂಜೆಗೆ ಕೂರುವವರಲ್ಲಿ ಅರ್ಧಕ್ಕರ್ಧ ಜನ ಅವನಿಂದ ಕಲಿತವರೇ. ವಿಭೂತಿಯನ್ನು ಎಲ್ಲೆಲ್ಲಿ ಧರಿಸಬೇಕು, ಮಜ್ಜನಕ್ಕೆ ನೀರು ಎಷ್ಟಿರಬೇಕು, ಪತ್ರೆಯನ್ನು ಹೇಗೆ ಏರಿಸಬೇಕು ಎಂಬುದನ್ನೆಲ್ಲ ಒಂದೂ ತಪ್ಪದಂತೆ ಹೇಳುತ್ತಿದ್ದ. ಲಿಂಗವನ್ನು ನಿಟ್ಟಿಸುತ್ತ ಕೂರುವ ಘಟ್ಟ ಬಂದಾಗ, “ಇಲ್ಲಿ ಸುಮ್ಮನೆ ಕೂರಬೇಕು. ಆಯಿತು, ಮುಂದೆ” ಎಂದು ಮಂಗಳಾರತಿಗೆ ಹೋಗುತ್ತಿದ್ದ. ಕಲಿಯುವವರಿಗೆ ಹೊಲವಿರುತ್ತಿತ್ತು, ಅಂಗಡಿಯಿರುತ್ತಿತ್ತು, ಹನ್ನೊಂದರ ಬಸ್ಸಿರುತ್ತಿತ್ತು. ಒಂದು ಗಂಟೆಯೊಳಗೆ ಪೂಜೆ ಕಲಿಸಿ ಕಳಿಸುವವನು ಎಂದು ಅವನಿಗೆ ಒಳ್ಳೆಯ ಹೆಸರಿತ್ತು.

ಮುಂದಿನ ತಿಂಗಳು ಅವನು ಬೆಟ್ಟದ ಮೇಲಿನ ಶಾಖಾಮಠಕ್ಕೆ ಹಿರಿಯನಾಗಿ ಹೋಗಬೇಕಿತ್ತು. ಅಲ್ಲಿ ಅವನೇ ದೀಕ್ಷೆ ಕೊಡಬೇಕು. ತನಗೆ ಕಾಣದ್ದನ್ನು ಇನ್ನೊಬ್ಬರ ಅಂಗೈಯಲ್ಲಿ ಯಾವ ಮುಖ ಇಟ್ಟುಕೊಂಡು ಇಡಲಿ ಎಂಬ ಚಿಂತೆ ಅವನನ್ನು ತಿನ್ನುತ್ತಿತ್ತು. ಯಾರಿಗೂ ಹೇಳದೆ ನಾಲ್ಕು ತಿಂಗಳು ನುಂಗಿಕೊಂಡಿದ್ದ. ಆ ಮಧ್ಯಾಹ್ನ ಸ್ವಾಮಿಗಳ ಕೋಣೆಗೆ ಬಂದು, ಬಾಗಿಲು ಮುಂದೆ ಮಾಡಿ, ಕೇಳಿಬಿಟ್ಟ.

ಸ್ವಾಮಿಗಳಿಗೆ ಎಂಬತ್ತು ದಾಟಿತ್ತು. ಕಣ್ಣು ಮಂದವಾಗಿತ್ತು, ಕಿವಿ ಮಾತ್ರ ಚುರುಕಾಗಿತ್ತು. ಅವರ ಕೋಣೆಗೂ ಸದ್ಯೋಜಾತ ಪಾಠ ಹೇಳುವ ಪಡಸಾಲೆಗೂ ನಡುವೆ ಒಂದೇ ಗೋಡೆ. ಅವರು ಶಿಷ್ಯನಿಗೆ ಕೂರಲು ಹೇಳಿ, ಒಂದು ಕತೆ ಹೇಳಿದರು.

ನಡುವಯಸ್ಸಿನಲ್ಲಿ ಅವರು ಅಮೆರಿಕದ ಒಂದು ಊರಿನಲ್ಲಿ ಒಂಬತ್ತು ವರ್ಷ ಇದ್ದರು. ಅಲ್ಲಿಯ ಭಕ್ತರು ಕಟ್ಟಿಸಿದ ಪ್ರಾರ್ಥನಾ ಮಂದಿರವನ್ನು ನೋಡಿಕೊಂಡಿದ್ದರು. ಕತೆ ಆ ಊರಿನದು.

ಆ ಊರಿನಲ್ಲಿ ಒಂದು ದೊಡ್ಡ ಆರ್ಕೆಸ್ಟ್ರಾ ಇತ್ತು. ಎಪ್ಪತ್ತು ಜನ ಒಟ್ಟಿಗೆ ಕೂತು ನುಡಿಸುತ್ತಿದ್ದರು. ಪಿಟೀಲಿನವರು ಮುಂದೆ, ಊದುವವರು ಅವರ ಹಿಂದೆ, ಬಡಿಯುವವರು ಎಲ್ಲರಿಗಿಂತ ಹಿಂದೆ. ಎದುರಿಗೆ ಒಬ್ಬ ಕೋಲು ಹಿಡಿದು ನಿಲ್ಲುತ್ತಿದ್ದ. ಅವರ ಭಾಷೆಯಲ್ಲಿ ಅವನನ್ನು ಕಂಡಕ್ಟರ್ ಎನ್ನುತ್ತಾರೆ. ಟಿಕೆಟ್ ಹರಿಯುವುದಿಲ್ಲ, ಆದರೆ ಅವನು ಕೈ ಎತ್ತದೆ ಗಾಡಿ ಹೊರಡುವುದಿಲ್ಲ ಎಂದು ಸ್ವಾಮಿಗಳು ನಕ್ಕರು. ಸದ್ಯೋಜಾತನೂ ನಗಬೇಕಾಯಿತು.

ಆ ಆರ್ಕೆಸ್ಟ್ರಾದಲ್ಲಿ ಒಬ್ಬ ಹೆಂಗಸು ಪಿಯಾನೊ ನುಡಿಸುತ್ತಿದ್ದಳು. ಅವಳ ಜಾಗ ತೀರ ಹಿಂದೆ, ಡೋಲಿನವನ ಮಗ್ಗುಲಲ್ಲಿ. ಒಂದು ಸಂಜೆಯ ಕಚೇರಿಯಲ್ಲಿ ಅವಳ ಪಾಲಿಗೆ ಬರುತ್ತಿದ್ದದ್ದು ಇಪ್ಪತ್ತು ಮೂವತ್ತು ಸ್ವರ. ಸಭಿಕರಿಗೆ ಅವಳ ತಲೆಗೂದಲು ಕೂಡ ಕಾಣುತ್ತಿರಲಿಲ್ಲ.

ವರ್ಷಕ್ಕೆ ಮೂರೋ ನಾಲ್ಕೋ ಸಲ ಪಿಯಾನೊವನ್ನು ಸಭೆಯ ಮುಂದಕ್ಕೆ ತಳ್ಳಿ ತರುತ್ತಿದ್ದರು. ಆಗ ಅದರ ಮುಂದೆ ಕೂರುವವನು ಬೇರೆ ಊರಿನಿಂದ ಬಂದ ಅತಿಥಿ. ಪಿಟೀಲಿನವನು ಪಿಟೀಲು ತರುತ್ತಾನೆ, ಕೊಳಲಿನವನು ಕೊಳಲು ತರುತ್ತಾನೆ. ಪಿಯಾನೊ ನುಡಿಸುವ ಅತಿಥಿ ಬರಿಗೈಯಲ್ಲಿ ಬರುತ್ತಾನೆ. ಯಾರದೋ ಮನೆಯ ಒಲೆಯ ಮೇಲೆ ಅಡುಗೆ ಮಾಡಿ ಬಡಿಸಿ ಹೋಗುವವನ ಹಾಗೆ, ಅಲ್ಲಿರುವ ಪಿಯಾನೊ ನುಡಿಸಿ, ಕೈಮುಗಿದು, ಮಾರನೆಯ ದಿನ ಹೊರಟುಹೋಗುತ್ತಾನೆ.

ಅತಿಥಿ ಬರುವುದು ಕಚೇರಿಯ ಹಿಂದಿನ ದಿನ. ಆರ್ಕೆಸ್ಟ್ರಾದ ತಾಲೀಮು ಶುರುವಾಗುವುದು ಅದಕ್ಕೂ ನಾಲ್ಕು ದಿನ ಮುಂಚೆ. ಆ ನಾಲ್ಕು ದಿನ ಅತಿಥಿಯ ಜಾಗದಲ್ಲಿ ಯಾರಾದರೂ ಕೂತು ನುಡಿಸಬೇಕಲ್ಲ. ಈ ಹೆಂಗಸು ಕೂರುತ್ತಿದ್ದಳು. ಅತಿಥಿ ಬಂದ ಕೂಡಲೇ ಎದ್ದು, ಕುರ್ಚಿಯ ಎತ್ತರ ಸರಿಮಾಡಿಕೊಟ್ಟು, ಹಿಂದಕ್ಕೆ ಹೋಗುತ್ತಿದ್ದಳು. ಹೀಗೆ ಮೂವತ್ತು ವರ್ಷ. ದೊಡ್ಡ ದೊಡ್ಡ ಕೃತಿಗಳೆಲ್ಲ ಅವಳ ಕೈಗೆ ಬಂದಿದ್ದವು. ಕಂಡಕ್ಟರ್ ಎಲ್ಲಿ ನಿಲ್ಲಿಸುತ್ತಾನೆ, ಎಲ್ಲಿಂದ ಮತ್ತೆ ಹಿಡಿಯುತ್ತಾನೆ ಎಂಬುದು ಅವನಿಗಿಂತ ಮೊದಲೇ ಅವಳಿಗೆ ತಿಳಿಯುತ್ತಿತ್ತು. ಅವಳಿಂದ ತಾಲೀಮು ಒಂದು ನಿಮಿಷವೂ ತಡವಾದದ್ದಿಲ್ಲ. ಎಪ್ಪತ್ತು ಜನರನ್ನು ಕಾಯಿಸಬಾರದು ಎಂಬುದು ಅವಳ ನೇಮವಾಗಿತ್ತು.

ಇಂಥ ಕೃತಿಗಳಲ್ಲಿ ಒಂದು ಪದ್ಧತಿ ಉಂಟು. ನಮ್ಮ ಕಚೇರಿಯಲ್ಲಿ ಹಾಡುಗಾರರು ನಿಲ್ಲಿಸಿ ಮೃದಂಗದವರಿಗೆ ತನಿ ಬಿಟ್ಟುಕೊಡುತ್ತಾರಲ್ಲ, ಹಾಗೆ. ಒಂದು ಘಟ್ಟದಲ್ಲಿ ಎಪ್ಪತ್ತು ಜನವೂ ವಾದ್ಯ ಕೆಳಗಿಟ್ಟು ಸುಮ್ಮನಾಗುತ್ತಾರೆ. ಕಂಡಕ್ಟರೂ ಕೈ ಇಳಿಸುತ್ತಾನೆ. ಪಿಯಾನೊದವನು ಒಬ್ಬನೇ ನುಡಿಸಬೇಕು. ಎಷ್ಟು ಹೊತ್ತೆಂದು ಯಾರೂ ಕೇಳುವುದಿಲ್ಲ. ಅವನ ಪಾಲು ಮುಗಿಯುತ್ತ ಬಂದಾಗ ಪಕ್ಕಪಕ್ಕದ ಎರಡು ಸ್ವರಗಳನ್ನು ಬೆರಳಿನಲ್ಲಿ ಬೇಗಬೇಗ ನಡುಗಿಸುತ್ತಾನೆ. ನನ್ನದಾಯಿತು, ನೀವು ಬನ್ನಿ ಎಂದು ಅದರ ಅರ್ಥ. ಆ ನಡುಕ ಕೇಳಿಸಿದೊಡನೆ ಕಂಡಕ್ಟರ್ ಕೈ ಎತ್ತುತ್ತಾನೆ, ಎಲ್ಲರೂ ಒಟ್ಟಿಗೆ ಎತ್ತಿಕೊಳ್ಳುತ್ತಾರೆ.

ತಾಲೀಮಿನಲ್ಲಿ ಆ ಘಟ್ಟವನ್ನು ಯಾರೂ ನುಡಿಸುವುದಿಲ್ಲ. ಒಬ್ಬಳು ನುಡಿಸುವಾಗ ಉಳಿದ ಎಪ್ಪತ್ತು ಜನ ಕೈಕಟ್ಟಿ ಕೂತರೆ ಹೊತ್ತು ಹಾಳು. ಆ ಜಾಗ ಬಂದ ಕೂಡಲೇ ಕಂಡಕ್ಟರ್, “ಆ ಭಾಗ ಬಿಡಿ, ನಡುಕದಿಂದ ಹಿಡಿಯಿರಿ” ಎನ್ನುತ್ತಿದ್ದ. ಅವಳು ನಡುಕದಿಂದ ಹಿಡಿಯುತ್ತಿದ್ದಳು. ಕೆಲವು ವರ್ಷಗಳ ಮೇಲೆ ಅವನು ಹೇಳುವುದನ್ನೂ ಬಿಟ್ಟ. ಅವಳ ಕೈಯೇ ಆ ಜಾಗ ದಾಟಿ ಮುಂದಕ್ಕೆ ಇಳಿಯುತ್ತಿತ್ತು. ಮೂವತ್ತು ವರ್ಷಗಳಲ್ಲಿ ಬಂದ ಅತಿಥಿಗಳೂ ಅಷ್ಟೇ, ಕೊನೆಯ ತಾಲೀಮಿನಲ್ಲಿ ಅದನ್ನು ನಾಳೆಗಿರಲಿ ಎನ್ನುತ್ತಿದ್ದರು. ಅವರಿಗೆ ನಾಳೆ ಎಂಬುದಿತ್ತು.

ಅವಳು ತಾಯಿಯ ಜೊತೆ ಇದ್ದಳು. ತಾಯಿಗೆ ಎಂಬತ್ತೈದು, ಅವಳಿಗೆ ಐವತ್ತೆರಡು. ಮದುವೆಯಾಗಿರಲಿಲ್ಲ. ತಾಯಿ ಮಗಳ ಕಚೇರಿಗೆ ಒಂದು ದಿನವೂ ಹೋದವಳಲ್ಲ. ಡೋಲಿನ ಮರೆಯಲ್ಲಿ ಕೂತ ಮಗಳನ್ನು ಹುಡುಕಲು ನಾನೇಕೆ ಅಷ್ಟು ದೂರ ಬರಲಿ, ಮುಂದೆ ಕೂರುವ ದಿನ ಹೇಳು, ಒಳ್ಳೆಯ ಬಟ್ಟೆ ಉಟ್ಟುಕೊಂಡು ಬರುತ್ತೇನೆ ಎನ್ನುತ್ತಿದ್ದಳು. ಮೊದಮೊದಲು ಅದು ತಮಾಷೆಯ ಮಾತಾಗಿತ್ತು. ವಯಸ್ಸಾಗುತ್ತ ತಾಯಿ ಅದನ್ನು ಹೇಳುವುದನ್ನು ನಿಲ್ಲಿಸಿದಳು. ನಿಲ್ಲಿಸಿದ ಮೇಲೆಯೇ ಮಗಳಿಗೆ ಅದು ಚುಚ್ಚತೊಡಗಿತು.

ಒಂದು ಚಳಿಗಾಲ ಆರ್ಕೆಸ್ಟ್ರಾದವರು ತಮ್ಮ ದೇಶದವರೇ ಬರೆದ ಸಂಗೀತದ ಕಚೇರಿ ಇಟ್ಟುಕೊಂಡರು. ಅವರು ಸಾಮಾನ್ಯವಾಗಿ ನುಡಿಸುತ್ತಿದ್ದದ್ದು ಯೂರೋಪಿನ ಹಳಬರ ಕೃತಿಗಳನ್ನು. ಈ ಸಲ ಎಲ್ಲವೂ ಅಮೆರಿಕದ್ದು. ಅದರಲ್ಲಿ ಮುಖ್ಯವಾದದ್ದು ಪಿಯಾನೊಗಾಗಿ ಬರೆದ ಒಂದು ಕೃತಿ. ಬರೆದವನು ಗೋಧಿ ಬೆಳೆಯುವ ಬಯಲು ಸೀಮೆಯವನು, ಹೆಸರು ಮಾಡದೆ ಸತ್ತವನು. ಆ ಕೃತಿಯನ್ನು ಕೇಳಿದ್ದವರು ಊರಿನಲ್ಲಿ ಯಾರೂ ಇರಲಿಲ್ಲ.

ಅವನು ಆ ಕೃತಿಯೊಳಗೆ ಒಂದು ಹಾಡನ್ನು ಇಟ್ಟಿದ್ದ. ಆ ಸೀಮೆಯ ಹೆಂಗಸರು ಬಟ್ಟೆ ಹಿಂಡಿ ಹರವುವಾಗ ಹಾಡಿಕೊಳ್ಳುತ್ತಿದ್ದ ಹಾಡು. ಮೊದಲು ಕೊಳಲಿನವರು ಅದನ್ನು ಎತ್ತಿಕೊಂಡು ಅರ್ಧಕ್ಕೆ ಬಿಡುತ್ತಾರೆ. ಆಮೇಲೆ ಪಿಟೀಲಿನವರು ಎತ್ತಿಕೊಂಡು ಅರ್ಧಕ್ಕೆ ಬಿಡುತ್ತಾರೆ. ಕಹಳೆಯವರೂ ಹಾಗೆಯೇ. ಹಾಡು ಮೊದಲಿಂದ ಕೊನೆಯವರೆಗೆ ಬರುವುದು ಒಂದೇ ಸಲ, ಎಲ್ಲರೂ ಸುಮ್ಮನಾಗಿ ಪಿಯಾನೊ ಒಂದೇ ಉಳಿದಾಗ. ಆ ಒಂದು ಘಟ್ಟಕ್ಕಾಗಿಯೇ ಉಳಿದದ್ದನ್ನೆಲ್ಲ ಬರೆದಿದ್ದಾನೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಆ ಕೃತಿಯ ಸ್ವರಗಳನ್ನು ಬರೆದ ಪುಸ್ತಕವನ್ನು ಮನೆಗೆ ತಂದು ಅವಳು ಆ ಹಾಡನ್ನು ನುಡಿಸಿದ ಸಂಜೆ ತಾಯಿ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ಚಾಕು ಕೆಳಗಿಟ್ಟು ಬಂದು ಬಾಗಿಲಲ್ಲಿ ನಿಂತಳು. ಅದು ಆ ಮುದುಕಿಯ ತಾಯಿ ಹಾಡುತ್ತಿದ್ದ ಹಾಡು. ಎಪ್ಪತ್ತು ವರ್ಷದಿಂದ ಕಿವಿಗೆ ಬಿದ್ದಿರಲಿಲ್ಲ. ಮಾತುಗಳು ಮರೆತುಹೋಗಿದ್ದವು, ಧಾಟಿ ಮರೆತಿರಲಿಲ್ಲ. ಅಂದಿನಿಂದ ಸಂಜೆಯಾದರೆ ಮಗಳು ಅದನ್ನು ನುಡಿಸಬೇಕು, ತಾಯಿ ಕೇಳಬೇಕು. ಮನೆಯಲ್ಲಿ ಅವಳು ಹಾಡನ್ನಷ್ಟೇ ನುಡಿಸಿದಳು. ತಾಲೀಮಿನಲ್ಲಿ ಹಾಡು ಬಿಟ್ಟು ಉಳಿದದ್ದನ್ನೆಲ್ಲ ನುಡಿಸಿದಳು. ಎರಡನ್ನೂ ಒಟ್ಟಿಗೆ ಸೇರಿಸಿ ಒಂದು ದಿನವೂ ನುಡಿಸಲಿಲ್ಲ. ಅದರ ಅಗತ್ಯವೇ ಬಿದ್ದಿರಲಿಲ್ಲ.

ಅತಿಥಿ ಬಂದ. ಹೆಸರಾಂತ ವಾದಕ, ನಯವಾದ ಮನುಷ್ಯ. ಕೊನೆಯ ತಾಲೀಮು ಮುಗಿಸಿದ. ಕಚೇರಿಯ ದಿನ ಬೆಳಿಗ್ಗೆ ತಾನು ಇಳಿದುಕೊಂಡಿದ್ದ ಹೋಟೆಲಿನ ಮೆಟ್ಟಿಲ ಮೇಲೆ ಹಿಮಕ್ಕೆ ಕಾಲು ಜಾರಿ ಬಿದ್ದ. ಬಲಗೈ ಮಣಿಕಟ್ಟು ಊದಿಕೊಂಡಿತು. ವೈದ್ಯರು ಕಟ್ಟು ಹಾಕಿದರು. ಕೃತಿ ಗೊತ್ತಿರುವ ಬೇರೊಬ್ಬರನ್ನು ಆ ಹೊತ್ತಿನಲ್ಲಿ ಎಲ್ಲಿಂದ ತರುವುದು? ಕಂಡಕ್ಟರ್ ಈ ಹೆಂಗಸಿಗೆ ಹೇಳಿಕಳಿಸಿದ.

ಅವಳು ಆಗುವುದಿಲ್ಲ ಎನ್ನಲಿಲ್ಲ. ಆ ಕೃತಿಯಲ್ಲಿ ಅವಳಿಗೆ ಗೊತ್ತಿಲ್ಲದ ಸ್ವರ ಒಂದೂ ಇರಲಿಲ್ಲ. ಮನೆಗೆ ಹೋಗಿ ತಾಯಿಗೆ ಹೇಳಿದಳು. ತಾಯಿ ಕಪಾಟಿನ ಬಾಗಿಲು ತೆಗೆದು, ಮಡಿಸಿಟ್ಟಿದ್ದ ನೀಲಿ ಉಡುಪನ್ನು ಹೊರಗೆ ತೆಗೆದಳು. ಅದಕ್ಕೆ ಎಂದೋ ಇಸ್ತ್ರಿ ಮಾಡಿ ಇಟ್ಟಿದ್ದಳು ಎಂಬುದು ಮಗಳಿಗೆ ಅಂದೇ ತಿಳಿದದ್ದು. ಅವಳಿಗೆ ಅಳು ಬಂತು. ಸಂತೋಷದ ಅಳು ಎಂದುಕೊಂಡು ಕಣ್ಣೊರೆಸಿಕೊಂಡಳು.

ಸಂಜೆ ಸಭೆ ತುಂಬಿತು. ಯಾರೋ ಅತಿಥಿ ಎಂದು ಬಂದವರಿಗೆ ತಮ್ಮ ಊರಿನವಳೇ ನುಡಿಸುತ್ತಾಳೆ ಎಂದು ತಿಳಿದಾಗ ಬೇಸರಕ್ಕಿಂತ ಖುಷಿಯೇ ಆಯಿತು. ತಾಯಿಯನ್ನು ಮೂರನೆಯ ಸಾಲಿನಲ್ಲಿ ಕೂರಿಸಿದರು. ಆಕೆ ಪಕ್ಕದವರಿಗೆ, ಒಂದು ಹಾಡು ಬರುತ್ತದೆ, ಅದು ಬಂದಾಗ ನನ್ನನ್ನು ಮಾತಾಡಿಸಬೇಡಿ ಎಂದು ಮುಂಚೆಯೇ ಹೇಳಿಟ್ಟಳು. ವೇದಿಕೆಯ ಪಕ್ಕದ ಕೋಣೆಯಲ್ಲಿ ಅತಿಥಿ ಕೊರಳಿಗೆ ಕೈ ಕಟ್ಟಿಕೊಂಡು ಕೂತಿದ್ದ. ಅವಳು ಹೊರಡುವಾಗ ಎದ್ದು ಬಂದ.

“ಆ ಹಾಡಿನ ಜಾಗದಲ್ಲಿ ಅವಸರ ಮಾಡಬೇಡಿ. ಅಲ್ಲಿ ಯಾರೂ ನಿಮಗಾಗಿ ಕಾಯುತ್ತಿರುವುದಿಲ್ಲ, ಎಲ್ಲರೂ ಕೇಳುತ್ತಿರುತ್ತಾರೆ.”

ಅವಳು ತಲೆಯಾಡಿಸಿದಳು. ಮನಸ್ಸಿನಲ್ಲಿ ಸ್ವಲ್ಪ ನಕ್ಕಳು. ಆ ಹಾಡಿನ ವಿಷಯ ನನಗೆ ಹೇಳಿಕೊಡಬೇಕೇ ಎಂದುಕೊಂಡಳು.

ಪುಸ್ತಕ ಬೇಡವೆಂದು ಹೇಳಿ ಅವಳು ಬಾಯಿಪಾಠವಾಗಿದ್ದುದನ್ನೇ ನುಡಿಸಿದಳು. ಚೆನ್ನಾಗಿಯೇ ನುಡಿಸಿದಳು. ಹಿಂದೆ ಕೂತಿದ್ದ ಅವಳ ಜೊತೆಗಾರರಿಗೆ ಬೆರಗಾಯಿತು. ಮೂವತ್ತು ವರ್ಷದಿಂದ ಕೇಳಿದ ಕೈಯೇ, ಆದರೂ ತುಂಬಿದ ಸಭೆಯಲ್ಲಿ ಅದರ ತೂಕ ಬೇರೆಯಾಗಿತ್ತು. ಕೊಳಲಿನವರು ಹಾಡನ್ನು ಎತ್ತಿಕೊಂಡು ಅರ್ಧಕ್ಕೆ ಬಿಟ್ಟರು. ಮೂರನೆಯ ಸಾಲಿನಲ್ಲಿ ತಾಯಿ ನೆಟ್ಟಗೆ ಕೂತಳು. ಪಿಟೀಲಿನವರು ಎತ್ತಿಕೊಂಡು ಬಿಟ್ಟರು. ಕಹಳೆಯವರು ಎತ್ತಿಕೊಂಡು ಬಿಟ್ಟರು. ಆಮೇಲೆ ಎಪ್ಪತ್ತು ಜನರೂ ನುಡಿಸುವುದನ್ನು ನಿಲ್ಲಿಸಿದರು. ಕಂಡಕ್ಟರ್ ಕೈ ಇಳಿಸಿದ. ಸಭೆಯಲ್ಲಿ ಒಂದು ಕೆಮ್ಮೂ ಇರಲಿಲ್ಲ.

ಅವಳ ಕೈ ಮೇಲೆದ್ದಿತು. ಇಳಿದದ್ದು ನಡುಕದ ಮೇಲೆ.

ಬೆರಳು ಆಡತೊಡಗಿದ ಮೇಲೆ ಅವಳಿಗೆ ತಾನೇನು ಮಾಡಿದೆ ಎಂದು ತಿಳಿಯಿತು. ಆದರೂ ಇನ್ನೂ ಹೊತ್ತಿತ್ತು. ಆ ನಡುಕವನ್ನು ಹಾಗೆಯೇ ಉಳಿಸಿಕೊಂಡು, ಮೆಲ್ಲಗೆ ಇಳಿಸಿ, ಹಾಡಿಗೆ ಹೋಗಬಹುದಿತ್ತು. ಅಷ್ಟು ವಿದ್ಯೆ ಅವಳಿಗಿತ್ತು. ಕೇಳುವವರಿಗೆ ಅದು ಹಾಗೆಯೇ ಬರೆದದ್ದು ಎನ್ನಿಸುತ್ತಿತ್ತು. ಆದರೆ ಕಂಡಕ್ಟರ್ ಕೈ ಎತ್ತಿಬಿಟ್ಟಿದ್ದ. ಅವನ ಕೈಗೂ ಅದೇ ಅಭ್ಯಾಸ. ಪಿಟೀಲಿನವರ ಕಮಾನುಗಳು ಮೇಲೆದ್ದಿದ್ದವು. ಎಪ್ಪತ್ತು ಜನ ಕಾಯುತ್ತಿದ್ದರು. ಒಂದು ಉಸಿರಿನಷ್ಟು ಹೊತ್ತು ಅವಳು ಎರಡು ಮನಸ್ಸಿನಲ್ಲಿದ್ದಳು. ಆಮೇಲೆ ಮೂವತ್ತು ವರ್ಷದ ನೇಮವೇ ಗೆದ್ದಿತು. ಅವಳು ಅವರನ್ನು ಕಾಯಿಸಲಿಲ್ಲ. ಅವರು ಬಂದರು, ಕೃತಿ ಮುಗಿಯಿತು.

ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಯಾರಿಗೂ ಏನೋ ತಪ್ಪಿತೆಂದು ಗೊತ್ತಾಗಲಿಲ್ಲ. ಯೂರೋಪಿನ ಯಾವುದೋ ಪ್ರಸಿದ್ಧ ಕೃತಿಯಾಗಿದ್ದರೆ ಅರ್ಧ ಸಭೆ ಹುಬ್ಬೇರಿಸುತ್ತಿತ್ತು. ಇದು ತಮ್ಮದೇ ನೆಲದ್ದು, ಆದ್ದರಿಂದ ಯಾರಿಗೂ ತಿಳಿದಿರಲಿಲ್ಲ. ಕಂಡಕ್ಟರ್ ಮೆಲ್ಲನೆ ಅವಳ ಕಿವಿಯಲ್ಲಿ, ಚಿಂತೆ ಬೇಡ, ಒಬ್ಬರಿಗೂ ಗೊತ್ತಾಗಿಲ್ಲ ಎಂದ. ಸಮಾಧಾನ ಹೇಳಿದೆ ಎಂದೇ ಅವನು ತಿಳಿದಿದ್ದ. ಕೈಗೆ ಕಟ್ಟು ಹಾಕಿಕೊಂಡ ಅತಿಥಿ ಬಾಗಿಲ ಬಳಿ ನಿಂತಿದ್ದ. ಅವನು ಅವಳನ್ನು ನೋಡಿದ, ಎಡಗೈಯಿಂದ ಅವಳ ಭುಜ ಮುಟ್ಟಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ತಾಯಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಜನ ಬಂದು ಬಂದು ಅವಳ ಕೈಕುಲುಕಿ ಹೋಗುತ್ತಿದ್ದರು. ಅವಳು ಎಲ್ಲರಿಗೂ ನಗುತ್ತಿದ್ದಳು. ಮಗಳು ಹತ್ತಿರ ಬಂದಾಗ ಅವಳ ತೋಳು ಹಿಡಿದು ಪಕ್ಕಕ್ಕೆ ಕರೆದಳು.

“ಆ ಹಾಡು ಯಾವಾಗ ಬಂತೇ? ಕಾದೆ, ಕಾದೆ. ತೂಕಡಿಸಿಬಿಟ್ಟೆನೇನೋ.”

“ಹೌದಮ್ಮ” ಎಂದಳು ಮಗಳು. “ಒಂದು ಗಳಿಗೆ ನಿನ್ನ ಕಣ್ಣು ಹತ್ತಿತ್ತು.”

ಯಾಕೆ ಹಾಗೆ ಹೇಳಿದಳು ಎಂದು ಅವಳಿಗೂ ತಿಳಿಯದು. ಮನೆಗೆ ಹೋಗಿ ನಿಜ ಹೇಳಿದರಾಯಿತು ಎಂದುಕೊಂಡಿದ್ದಳು. ಮನೆಯಲ್ಲಿ ತಾಯಿ ಉಡುಪು ಬದಲಿಸಿದವಳೇ ಮಲಗಿಬಿಟ್ಟಳು. ಮಾರನೆಯ ದಿನ ಹಾಲು ತಂದವನಿಗೆ ಹೇಳಿದಳು, ನನ್ನ ಮಗಳು ಊರೇ ಎದ್ದು ನಿಲ್ಲುವ ಹಾಗೆ ನುಡಿಸಿದಳು, ನಾನು ಮುದುಕಿ ನಿದ್ದೆ ಮಾಡಿಬಿಟ್ಟೆ ಎಂದು. ನೆರೆಮನೆಯವಳಿಗೂ ಅದನ್ನೇ ಹೇಳಿದಳು. ಒಂದೊಂದು ಸಲ ಹೇಳಿದಾಗಲೂ ನಿಜ ಹೇಳುವುದು ಮಗಳಿಗೆ ಇನ್ನಷ್ಟು ಕಷ್ಟವಾಯಿತು. ಒಂದು ಸಂಜೆ ಅವಳು ಪಿಯಾನೊದ ಮುಂದೆ ಕೂತು ಹಾಡು ನುಡಿಸಲು ಹೋದಳು. ತಾಯಿ, ಬೇಡ ಬಿಡು, ದೊಡ್ಡ ಸಭೆಯಲ್ಲಿ ನುಡಿಸಿದ್ದನ್ನೇ ಕೇಳಲಾಗದವಳಿಗೆ ಮತ್ತೆ ಮತ್ತೆ ನುಡಿಸಿ ನಿನಗೇಕೆ ದಣಿವು ಎಂದಳು. ಕೋಪದಿಂದ ಹೇಳಿದ್ದಲ್ಲ. ತನ್ನದೇ ತಪ್ಪು ಎಂದು ನಾಚಿಕೊಂಡು ಹೇಳಿದ್ದು.

ಆ ವಸಂತದಲ್ಲಿ ತಾಯಿ ತೀರಿಕೊಂಡಳು. ಮಗಳು ಮುಂದೆ ಕೂತು ನುಡಿಸಿದ ಒಂದೇ ಒಂದು ದಿನ ತಾನು ಎಚ್ಚರವಿರಲಿಲ್ಲ ಎಂದು ನಂಬಿಕೊಂಡೇ ಹೋದಳು.

ಅವರಲ್ಲಿ ಸತ್ತವರನ್ನು ಮಣ್ಣಿಗೆ ಒಪ್ಪಿಸುವ ಮುಂಚೆ ಪ್ರಾರ್ಥನೆ ಮಾಡುತ್ತಾರೆ, ಹಾಡುತ್ತಾರೆ. ಅಂದು ಅವಳು ಆ ಹಾಡನ್ನು ಮೊದಲಿಂದ ಕೊನೆಯವರೆಗೆ ನುಡಿಸಿದಳು. ಚರ್ಚಿನ ಗೋಡೆಯಲ್ಲಿ ಗಡಿಯಾರವಿತ್ತು. ನಾಲ್ಕು ನಿಮಿಷ ಹಿಡಿಯಿತು.

ಸ್ವಾಮಿಗಳು ಇಲ್ಲಿಗೆ ನಿಲ್ಲಿಸಿ, ಮಡಕೆಯಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು ಕುಡಿದರು. ಸದ್ಯೋಜಾತನ ತಾಯಿಯೂ ಈಗ ಇರಲಿಲ್ಲ. ಇದೆಲ್ಲ ಬುದ್ಧಿಯವರಿಗೆ ಹೇಗೆ ಗೊತ್ತಾಯಿತು ಎಂದು ಅವನು ಕೇಳಿದ.

ಅವಳ ಮನೆ ನಮ್ಮ ಮಂದಿರದ ಎದುರು ಸಾಲಿನಲ್ಲೇ ಇತ್ತು ಎಂದರು ಸ್ವಾಮಿಗಳು. ಯಾರು ಬೇಕಾದರೂ ಬಂದು ಸುಮ್ಮನೆ ಕೂರಬಹುದು ಎಂದು ಬಾಗಿಲ ಮೇಲೆ ಬರೆಸಿದ್ದೆವು. ತಾಯಿ ಹೋದ ಮೇಲೆ ಅವಳು ಭಾನುವಾರ ಬಂದು ಹಿಂದಿನ ಗೋಡೆಗೆ ಒರಗಿ ಕೂರುತ್ತಿದ್ದಳು. ಒಂದು ದಿನ ತಾನಾಗಿಯೇ ಹೇಳಿದಳು. ತಪ್ಪು ನುಡಿಸಿದ್ದಕ್ಕೆ ಅವಳು ಅಳಲಿಲ್ಲ. ಕೈ ಎತ್ತಿದ ಕಂಡಕ್ಟರನಿಗೆ, ಕಮಾನು ಎತ್ತಿದವರಿಗೆ, ಇನ್ನು ನಾಲ್ಕು ನಿಮಿಷ ತಡೆಯಿರಿ ಎಂದು ತನ್ನ ಕೈ ಹೇಳಲಾರದೆ ಹೋಯಿತಲ್ಲ, ಅದಕ್ಕೆ ಅತ್ತಳು. ನಾನು ಅವಳ ಪಕ್ಕದಲ್ಲಿ ಕೂತಿದ್ದೆ, ಅಷ್ಟೆ.

ಸದ್ಯೋಜಾತನಿಗೆ ಆ ಹೆಂಗಸಿನ ಮೇಲೆ ಮರುಕ ಉಕ್ಕಿತು. ಅವಳು ಮಾಡಿದ ತಪ್ಪಾದರೂ ಏನು ಎಂದು ಅವಳ ಪರವಾಗಿ ವಾದಕ್ಕೇ ಇಳಿದ. ಮೂವತ್ತು ವರ್ಷ ಇನ್ನೊಬ್ಬರಿಗಾಗಿ ದುಡಿದಳು, ಒಬ್ಬರ ಹೊತ್ತನ್ನೂ ಹಾಳು ಮಾಡಲಿಲ್ಲ, ಒಂದು ಸ್ವರವೂ ಕಲಿಯದೆ ಬಿಡಲಿಲ್ಲ. ಕೊನೆಯ ಗಳಿಗೆಯಲ್ಲಿ ಕೈ ಕೈಕೊಟ್ಟರೆ ಅವಳೇನು ಮಾಡಿಯಾಳು ಎಂದ.

ಕೈ ಕೈಕೊಡಲಿಲ್ಲ, ಕಲಿತದ್ದನ್ನೇ ಮಾಡಿತು ಎಂದರು ಸ್ವಾಮಿಗಳು.

ಪಡಸಾಲೆಯಲ್ಲಿ ಯಾರೋ ಬಂದು ಚಾಪೆ ಹಾಸುತ್ತಿದ್ದ ಸದ್ದು ಕೇಳಿಸಿತು. ಮಧ್ಯಾಹ್ನದ ಪಾಠಕ್ಕೆ ಊರಿನವರು ಬರತೊಡಗಿದ್ದರು. ಗೋಡೆಯಾಚೆಯಿಂದ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಹೊತ್ತಾಯಿತೆಂದು ಸದ್ಯೋಜಾತ ಅಭ್ಯಾಸದಂತೆ ಏಳಲು ಹೋದ. ಆಮೇಲೆ ತನ್ನ ಪ್ರಶ್ನೆ ನೆನಪಾಗಿ ಹಾಗೆಯೇ ಕೂತ. ಕತೆ ಕೇಳಿ ಸಂಕಟವಾಯಿತು ಬುದ್ಧಿ, ಆದರೆ ನಾನು ಕೇಳಿದ್ದು ನನ್ನ ಅಂಗೈಯ ವಿಷಯ ಎಂದ.

ಸ್ವಾಮಿಗಳು ಕೈ ಚಾಚಿ ಅವನ ಎಡಗೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು.

“ಇಲ್ಲಿ ಸುಮ್ಮನೆ ಕೂರಬೇಕು, ಆಯಿತು, ಮುಂದೆ ಎನ್ನುತ್ತೀಯಲ್ಲ ಸದ್ಯೋಜಾತ, ಬೆಳಿಗ್ಗೆ ಬಾಗಿಲು ಹಾಕಿಕೊಂಡು ನಿನ್ನ ಪೂಜೆ ನೀನು ಮಾಡುವಾಗ ಅಲ್ಲಿ ಎಷ್ಟು ಹೊತ್ತು ಕೂರುತ್ತೀಯೆ?”